ಪುಸ್ತಕದಂಗಡಿಯ ಮೆಟ್ಟಿಲು

ಕಳೆದ ವರ್ಷ ಶ್ರಾವಣ ಸಮೀಪಿಸುತ್ತಿದ್ದಂತೆ ನಮ್ಮ ಮನೆಯಲ್ಲಿ ಒಂದು ಸಂಕಲ್ಪ ಮೂಡಿತು. ತಿಂಗಳು ಪೂರ್ತಿ ಮಠದಲ್ಲಿ ನಡೆಯುವ ಪ್ರವಚನವನ್ನು ಕೇಳಿ ಬರುವ ರೂಢಿ ಇದ್ದೇ ಇದೆ. ಅದರ ಜೊತೆಗೆ ಈ ಸಲ ಸಂಜೆಯ ಲಿಂಗಪೂಜೆಯಾದ ಬಳಿಕ ಮನೆಮಂದಿಯೆಲ್ಲ ಕೂಡಿ ಅರ್ಧ ಗಂಟೆಯಾದರೂ 'ಶೂನ್ಯ ಸಂಪಾದನೆ'ಯನ್ನು ಓದಬೇಕು ಎಂದು ನಿಶ್ಚಯಿಸಿದೆವು. ಆ ಗ್ರಂಥದ ಹೆಸರನ್ನು ಕೇಳದ ಶರಣ ಕುಟುಂಬವಿಲ್ಲ. ಆದರೆ ಅದನ್ನು ಮೊದಲಿನಿಂದ ಕೊನೆಯವರೆಗೆ ಓದಿದ ಮನೆಗಳೆಷ್ಟು ಎಂದು ಕೇಳಿದರೆ ನಾವು ಮೊದಲಾಗಿ ತಲೆ ತಗ್ಗಿಸಬೇಕಾಗುತ್ತದೆ.

ಮನೆಯಲ್ಲಿ ಗ್ರಂಥವಿರಲಿಲ್ಲ. ಸೊಸೆ ಕೈಯಲ್ಲಿದ್ದ ಮೊಬೈಲಿನಲ್ಲಿ ಹುಡುಕಿ, "ಮಾವಾರ, ಇಲ್ಲೇ ಸಿಗತದ. ಮೂರು ದಿನದಾಗ ಮನಿಗೇ ತಂದು ಕೊಡ್ತಾರ" ಎಂದಳು. ನಾವೂ ಮುಖಪುಟದ ಚಿತ್ರವನ್ನು ನೋಡಿ ಒಪ್ಪಿದೆವು. ಹೇಳಿದ ದಿನಕ್ಕೆ ಸರಿಯಾಗಿ ಹುಡುಗನೊಬ್ಬ ಪೊಟ್ಟಣವನ್ನು ತಂದುಕೊಟ್ಟು ಹೋದ. ಬಿಚ್ಚಿ ನೋಡಿದರೆ ಒಳಗಿದ್ದುದು ನೂರು ಪುಟಗಳ ಒಂದು ಕಿರುಹೊತ್ತಿಗೆ. ಶೂನ್ಯ ಸಂಪಾದನೆಯ ಕಥೆಯನ್ನು ಯಾರೋ ಸಂಗ್ರಹಿಸಿ ಬರೆದದ್ದು. ಹೆಸರಿನ ಕೆಳಗೆ ಸಣ್ಣ ಅಕ್ಷರಗಳಲ್ಲಿ 'ಸಂಗ್ರಹ' ಎಂದು ಅಚ್ಚಾಗಿತ್ತು. ಅಂಗೈಯಗಲದ ಪರದೆಯ ಮೇಲೆ ಅದು ನಮ್ಮ ಕಣ್ಣಿಗೆ ಬೀಳಲಿಲ್ಲ, ಅಷ್ಟೇ. ಮಾರಿದವರದು ತಪ್ಪೆನ್ನುವಂತಿಲ್ಲ, ನಾವು ಕೇಳಿದ ಹೆಸರಿನ ಪುಸ್ತಕವನ್ನೇ ಅವರು ಕಳಿಸಿದ್ದರು. ಮರುದಿನದಿಂದ ಆ ಮೊಬೈಲು ಮಾತ್ರ ನಮ್ಮ ಸೊಸೆಗೆ ರುದ್ರಾಕ್ಷಿ ಮಾಲೆ, ಊದಿನಕಡ್ಡಿ, ಹಿತ್ತಾಳೆಯ ದೀಪಗಳನ್ನು ತೋರಿಸತೊಡಗಿತು. ನಾವು ಭಕ್ತರು ಎಂಬುದಷ್ಟು ಅದಕ್ಕೆ ತಿಳಿದಿತ್ತು.

ಉಳಿದದ್ದು ಒಂದೇ ದಾರಿ, ಧಾರವಾಡಕ್ಕೆ ಹೋಗುವುದು. ನಮ್ಮ ಊರಿನಿಂದ ಬಸ್ಸಿನಲ್ಲಿ ಒಂದು ತಾಸಿನ ಹಾದಿ. ಅಲ್ಲಿ ನಾವು ವಿದ್ಯಾರ್ಥಿದೆಸೆಯಿಂದ ಕಂಡ ಹಳೆಯ ಪುಸ್ತಕದಂಗಡಿಯೊಂದಿದೆ. ಆದರೆ ನಾಲ್ಕೈದು ವರ್ಷಗಳಿಂದ ನಾವು ಆ ಅಂಗಡಿಯ ಮೆಟ್ಟಿಲು ತುಳಿದಿರಲಿಲ್ಲ. ಅದಕ್ಕೊಂದು ಕಾರಣವಿತ್ತು, ಅದನ್ನು ಮುಂದೆ ಹೇಳುತ್ತೇವೆ.

ಅಂಗಡಿಯ ಯಜಮಾನರು ನಮ್ಮನ್ನು ಕಂಡು, "ಬರ್ರಿ ಸರ, ಶರಣಾರ್ಥಿ. ಬಾಳ ದಿವಸ ಆತು" ಎಂದರು. ನಾವು ಶೂನ್ಯ ಸಂಪಾದನೆ ಬೇಕೆಂದೆವು.

"ಯಾವ ಶೂನ್ಯ ಸಂಪಾದನೆ ಬೇಕ್ರಿ? ನಾಲ್ಕು ಅದಾವಲ್ರಿ."

"ಅದೇ, ಅಲ್ಲಮಪ್ರಭುಗಳದು" ಎಂದೆವು.

"ಪ್ರಭುದೇವರು ನಾಲ್ಕರಾಗೂ ಅದಾರ್ರಿ" ಎಂದು ಅವರು ನಕ್ಕರು.

ಅರವತ್ತು ದಾಟಿದ ನಮಗೆ ಅಂದಿನವರೆಗೆ ಶೂನ್ಯ ಸಂಪಾದನೆಗಳು ನಾಲ್ಕು ಎಂಬುದು ಸ್ಪಷ್ಟವಾಗಿ ತಿಳಿದಿರಲಿಲ್ಲ ಎಂದು ಒಪ್ಪಿಕೊಳ್ಳಲು ಸಂಕೋಚವಾಗುತ್ತದೆ. ಯಜಮಾನರು ನಿಂತಲ್ಲೇ ವಿವರಿಸಿದರು. ಶರಣರ ವಚನಗಳನ್ನು ಸಂವಾದರೂಪದಲ್ಲಿ ಪೋಣಿಸಿ, ಪ್ರಭುದೇವರು ಬಸವಣ್ಣ, ಸಿದ್ಧರಾಮ, ಮುಕ್ತಾಯಕ್ಕ, ಅಕ್ಕಮಹಾದೇವಿ ಮೊದಲಾದವರೊಡನೆ ನಡೆಸಿದ ಅನುಭಾವಗೋಷ್ಠಿಯನ್ನು ಮೊದಲು ಗ್ರಂಥಸ್ಥಗೊಳಿಸಿದವರು ಶಿವಗಣಪ್ರಸಾದಿ ಮಹಾದೇವಯ್ಯನವರು. ಅದರಲ್ಲಿ ಸಿದ್ಧರಾಮೇಶ್ವರರಿಗೆ ಲಿಂಗದೀಕ್ಷೆಯಾದ ಪ್ರಸಂಗವಿಲ್ಲ. ಅದು ಇರಬೇಕೆಂದು ಹಲಗೆಯದೇವರು ಎರಡನೆಯ ಸಂಪಾದನೆಯನ್ನು ರಚಿಸಿದರು. ಬಳಿಕ ಗುಮ್ಮಳಾಪುರದ ಸಿದ್ಧಲಿಂಗಯತಿಗಳದು, ಕೊನೆಯದಾಗಿ ಗೂಳೂರ ಸಿದ್ಧವೀರಣ್ಣೊಡೆಯರದು. ಮಠಗಳಲ್ಲಿ, ಪ್ರವಚನಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ಈ ನಾಲ್ಕನೆಯದು. ಇಷ್ಟನ್ನು ಹೇಳಿ ಅವರು ಇನ್ನೊಂದು ಪ್ರಶ್ನೆ ಕೇಳಿದರು: "ಓದಾವ್ರು ಯಾರ್ರಿ? ನೀವೊಬ್ಬರೋ, ಮನಿಮಂದಿ ಎಲ್ಲಾ ಕೂಡಿಯೋ?"

ಮನೆಮಂದಿಯೆಲ್ಲ ಎಂದಾಗ ಗೂಳೂರರ ಸಂಪಾದನೆಯ ಹಳೆಯ ಮುದ್ರಣದ ಪ್ರತಿಯೊಂದನ್ನು ಒಳಗಿನ ಕಪಾಟಿನಿಂದ ತಂದು, ಧೂಳು ಒರೆಸಿ, ಮುಂದಿಟ್ಟರು. ಜೊತೆಗೆ ವಚನಗಳ ಕಠಿಣ ಶಬ್ದಗಳಿಗೆ ಅರ್ಥ ಹೇಳುವ ಚಿಕ್ಕ ಕೋಶವೊಂದನ್ನೂ ಇಟ್ಟರು. ನಾವು ಅದನ್ನು ಕೇಳಿರಲಿಲ್ಲ. "ಬೆಡಗಿನ ವಚನ ಬಂದಾಗ ಇದು ಬೇಕಾಗತದ. ಇಲ್ಲಾಂದ್ರ ನಾಲ್ಕನೇ ದಿನಕ್ಕ ಓದೂದು ನಿಂತು ಹೋಗತದ್ರಿ" ಎಂದರು. ಹಳೆಯ ಪ್ರತಿಗೆ ಅದರ ಮೇಲೆ ಎಂದೋ ಅಚ್ಚಾಗಿದ್ದ ಬೆಲೆಯನ್ನೇ ತೆಗೆದುಕೊಂಡರು. ಇಂದಿನ ಲೆಕ್ಕದಲ್ಲಿ ಅದು ಕಾಗದದ ಬೆಲೆಯೂ ಅಲ್ಲ.

ಕೇಳಿದ್ದನ್ನು ಕೊಡುವುದು ಒಂದು. ಏನು ಕೇಳಬೇಕೆಂಬುದನ್ನೇ ತಿಳಿಸಿಕೊಡುವುದು ಇನ್ನೊಂದು. ಈ ಎರಡರ ನಡುವಿನ ಅಂತರ ಅಂದು ನಮಗೆ ಮನವರಿಕೆಯಾಯಿತು. ಈ ಲೇಖನಕ್ಕೆ ಪ್ರೇರಣೆ ಅದೇ.

ಆದರೂ ಮನೆಗೆ ಪುಸ್ತಕ ತರಿಸಿಕೊಳ್ಳುವ ಪದ್ಧತಿಯನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಆ ಪದ್ಧತಿ ಹೊಸದೂ ಅಲ್ಲ. ಭಾರತದ ಅಂಚೆ ಇಲಾಖೆ ವ್ಹಿ.ಪಿ. ಸೇವೆಯನ್ನು ಆರಂಭಿಸಿದ್ದು 1877ರಲ್ಲಿ. ನಮ್ಮ ಅಜ್ಜನವರ ಕಾಲದಲ್ಲಿ ಹಳ್ಳಿಯ ಮನೆಗಳಿಗೆ ಪುರಾಣಗಳೂ ಪಂಚಾಂಗಗಳೂ ಈ ಮಾರ್ಗವಾಗಿಯೇ ಬರುತ್ತಿದ್ದವು. ಅಂಚೆಯಣ್ಣ ಪೊಟ್ಟಣವನ್ನು ತಂದು, ಹಣ ಎಣಿಸಿಕೊಂಡು, ಆಮೇಲೆ ಕೊಡುತ್ತಿದ್ದ. 1933ರಲ್ಲಿ ಜಿ.ಬಿ. ಜೋಶಿಯವರು ಧಾರವಾಡದಲ್ಲಿ ಸ್ಥಾಪಿಸಿದ ಮನೋಹರ ಗ್ರಂಥಮಾಲೆಯೂ ಚಂದಾದಾರರನ್ನೇ ನಂಬಿ ಬೆಳೆದ ಸಂಸ್ಥೆ. ಹೀಗೆ ಬಾಗಿಲಿಗೆ ಬಂದ ಪುಸ್ತಕಗಳಿಂದ ಎಷ್ಟೋ ಮನೆಗಳು ಅಕ್ಷರದ ರುಚಿ ಕಂಡವು.

ಈಗಿನ ಜಾಲವ್ಯಾಪಾರದ ಮೂಲವೂ ಪುಸ್ತಕವೇ ಎಂಬುದು ಒಂದು ಸೋಜಿಗ. ಇಂದು ಸೂಜಿಯಿಂದ ಸೋಫಾದವರೆಗೆ ಮಾರುವ ಅಮೆಜಾನ್ ಸಂಸ್ಥೆ 1995ರಲ್ಲಿ ಅಮೆರಿಕೆಯಲ್ಲಿ ಬಾಗಿಲು ತೆರೆದದ್ದು ಪುಸ್ತಕ ಮಾರಾಟಕ್ಕಾಗಿ. ನಮ್ಮ ಬೆಂಗಳೂರಿನ ಕೋರಮಂಗಲದಲ್ಲಿ 2007ರಲ್ಲಿ ಆರಂಭವಾದ ಫ್ಲಿಪ್‌ಕಾರ್ಟ್ ಕೂಡ ಮೊದಲು ಮಾರಿದ್ದು ಪುಸ್ತಕಗಳನ್ನೇ. 2010ರಲ್ಲಿ ಅದು ಪುಸ್ತಕ ಕೈಗೆ ಬಂದ ಮೇಲೆ ಹಣ ಕೊಡುವ ಪದ್ಧತಿಯನ್ನು ತಂದಿತು; ಹಿರಿಯರು ಅದನ್ನು ಕಂಡು, "ಇದು ನಮ್ಮ ವ್ಹಿ.ಪಿ. ಅಲ್ಲವೇ?" ಎಂದಿದ್ದರೆ ತಪ್ಪೇನೂ ಇಲ್ಲ. 2013ರಲ್ಲಿ ಅಮೆಜಾನ್ ಭಾರತದ ಗ್ರಾಹಕರಿಗಾಗಿ ತನ್ನ ಮಳಿಗೆಯನ್ನು ತೆರೆದಾಗಲೂ ಮೊದಲು ಇಟ್ಟದ್ದು ಪುಸ್ತಕ ಮತ್ತು ಚಲನಚಿತ್ರಗಳನ್ನು. ಪುಸ್ತಕ ಕೆಡುವ ವಸ್ತುವಲ್ಲ, ಒಡೆಯುವ ವಸ್ತುವಲ್ಲ, ಒಂದೇ ಮುದ್ರಣದ ಪ್ರತಿಗಳಲ್ಲಿ ವ್ಯತ್ಯಾಸವಿಲ್ಲ. ಆದ್ದರಿಂದ ಕಾಣದೆ ಕೊಳ್ಳಲು ಜನ ಹೆದರುವುದಿಲ್ಲ ಎಂಬ ವ್ಯಾಪಾರಿ ಜಾಣ್ಮೆ ಅದರ ಹಿಂದಿದೆ.

ಇದರ ಉಪಕಾರವನ್ನು ಮರೆಯಲಾಗದು. ಪುಣೆ, ಮುಂಬಯಿ, ಸೊಲ್ಲಾಪುರಗಳಲ್ಲಿ ನೆಲೆಸಿದ ನಮ್ಮ ಬಂಧುಗಳಿಗೆ, ಹೊರದೇಶದಲ್ಲಿರುವ ಮಕ್ಕಳಿಗೆ, ಮೆಟ್ಟಿಲು ಹತ್ತಲಾರದ ವೃದ್ಧರಿಗೆ, ಪುಸ್ತಕದಂಗಡಿಯೇ ಇಲ್ಲದ ತಾಲೂಕಿನವರಿಗೆ ಅದು ವರವೇ ಸರಿ. ಇಷ್ಟೇ ಅಲ್ಲ, ವಚನಗಳನ್ನು ಓದುವವರಿಗೆ ಅಂತರ್ಜಾಲ ಮಾಡಿರುವ ಉಪಕಾರ ದೊಡ್ಡದು. 'ವಚನ ಸಂಚಯ' ಎಂಬ ಜಾಲತಾಣದಲ್ಲಿ ಒಂದು ಶಬ್ದವನ್ನು ಕೊಟ್ಟರೆ ಅದು ಬಂದಿರುವ ವಚನಗಳೆಲ್ಲ ಕಣ್ಣೆದುರಿಗೆ ನಿಲ್ಲುತ್ತವೆ. ಹಿಂದೆ ಒಬ್ಬ ವಿದ್ವಾಂಸರು ತಿಂಗಳುಗಟ್ಟಲೆ ಮಾಡುತ್ತಿದ್ದ ಕೆಲಸವದು. ಅಂಚೆಯ ವಿಷಯಕ್ಕೆ ಬಂದರೆ, ಬಹುಕಾಲದಿಂದ ಬಡ ಪ್ರಕಾಶಕರಿಗೆ ಆಸರೆಯಾಗಿದ್ದ ರಿಜಿಸ್ಟರ್ಡ್ ಪುಸ್ತಕ ಅಂಚೆಯ ಸೇವೆ 2024ರ ಡಿಸೆಂಬರಿನಲ್ಲಿ ನಿಂತುಹೋದಾಗ ಪುಸ್ತಕಲೋಕ ಕಳವಳಗೊಂಡಿತ್ತು. 2025ರ ಮೇ 1ರಿಂದ 'ಜ್ಞಾನ ಪೋಸ್ಟ್' ಎಂಬ ಹೊಸ ಸೇವೆ ಬಂದಿತು. ಆರಂಭದಲ್ಲಿ ಗೊತ್ತುಪಡಿಸಿದ ದರ 300 ಗ್ರಾಂವರೆಗೆ 20 ರೂಪಾಯಿ, 5 ಕಿಲೋವರೆಗೆ 100 ರೂಪಾಯಿ, ತೆರಿಗೆ ಬೇರೆ. ಹಳೆಯ ದರಕ್ಕೆ ಹೋಲಿಸಿದರೆ ಸಣ್ಣ ಪುಸ್ತಕಕ್ಕೆ ಇದು ಭಾರವೇ. ಆದರೂ ಏನೂ ಇಲ್ಲದ ಐದು ತಿಂಗಳಿಗಿಂತ ಮೇಲು.

ಇಷ್ಟೆಲ್ಲ ಒಪ್ಪಿದ ಮೇಲೂ ಅಂಗಡಿಗೆ ಹೋಗುವ ಸುಖವೇ ಬೇರೆ ಎನ್ನುತ್ತೇವೆ. ಅದು ಕೇವಲ ಹಳೆಯ ತಲೆಮಾರಿನವರ ಹಂಬಲವೆಂದು ತರುಣ ಓದುಗರು ತಳ್ಳಿಹಾಕಬಾರದು.

ಧಾರವಾಡದ ಸುಭಾಸ ರಸ್ತೆಯಲ್ಲಿ ನಡೆದವರಿಗೆ ಅದು ಗೊತ್ತು. ಮನೋಹರ ಗ್ರಂಥಮಾಲೆಯ 'ಅಟ್ಟ'ಕ್ಕೆ ಇಕ್ಕಟ್ಟಾದ ಮೆಟ್ಟಿಲುಗಳನ್ನು ಹತ್ತಿ ಹೋಗಬೇಕು. ಅಲ್ಲಿ ಪುಸ್ತಕ ಕೊಳ್ಳಲು ಹೋದವರು ಬೇಂದ್ರೆಯವರ ಮಾತನ್ನೋ ಕೀರ್ತಿನಾಥ ಕುರ್ತಕೋಟಿಯವರ ಚರ್ಚೆಯನ್ನೋ ಕೇಳಿ ಬಂದ ಸಂದರ್ಭಗಳನ್ನು ಆ ಕಾಲದವರು ಹೇಳುತ್ತಿದ್ದರು. ಕಲಬುರಗಿಯ ಸರಸ್ವತಿ ಗೋದಾಮಿನ ಸಿದ್ಧಲಿಂಗೇಶ್ವರ ಬುಕ್ ಡಿಪೋ ಆ ಭಾಗದ ಎಷ್ಟೋ ಬರಹಗಾರರ ಮೊದಲ ಪುಸ್ತಕಗಳನ್ನು ಪ್ರಕಟಿಸಿತು. ಅಂಗಡಿಯೇ ಪ್ರಕಾಶನವಾಗುವುದು, ಕೊಳ್ಳಲು ಬಂದವನೇ ಮುಂದೆ ಲೇಖಕನಾಗುವುದು ನಮ್ಮ ನಾಡಿನಲ್ಲಿ ಹೊಸತಲ್ಲ.

ಬೆಂಗಳೂರಿನಲ್ಲಿ ಟಿ.ಎಸ್. ಶಾನಭಾಗರ ಪ್ರೀಮಿಯರ್ ಬುಕ್ ಶಾಪ್ ಇತ್ತು. 1971ರಲ್ಲಿ ಆರಂಭವಾಗಿ 2009ರಲ್ಲಿ ಮುಚ್ಚಿತು. ಒಬ್ಬರು ಹೊರಬಂದರೆ ಇನ್ನೊಬ್ಬರು ಒಳಹೋಗಬೇಕಾದಷ್ಟು ಸಣ್ಣ ಜಾಗ. ನೆಲದಿಂದ ಚಾವಣಿಯವರೆಗೆ ಪುಸ್ತಕದ ರಾಶಿ. ಹೊರಗಿನವರ ಕಣ್ಣಿಗೆ ಅಸ್ತವ್ಯಸ್ತ. ಆದರೆ ಯಾವ ಪುಸ್ತಕ ಯಾವ ರಾಶಿಯ ಎಷ್ಟನೆಯ ಪದರದಲ್ಲಿದೆ ಎಂಬುದು ಶಾನಭಾಗರಿಗೆ ಗೊತ್ತು; ರಾಶಿ ಕುಸಿಯದಂತೆ ಎಳೆದು ಕೊಡುತ್ತಿದ್ದರು. ಹೆಚ್ಚು ಮಾತಿನವರಲ್ಲ. ಗಿರಾಕಿಯ ಅಭಿರುಚಿಯನ್ನು ನೆನಪಿಟ್ಟು, ಬಂದಾಗ ಅವರಿಗೆ ತಕ್ಕ ಪುಸ್ತಕವನ್ನು ಮುಂದೆ ಸರಿಸುವುದೇ ಅವರ ಮಾತು. ಅವರು 2021ರಲ್ಲಿ ತೀರಿಕೊಂಡಾಗ ನಾಡಿನ ಹೆಸರಾಂತ ಬರಹಗಾರರು, ಇತಿಹಾಸಕಾರರು ಒಬ್ಬ ಗುರುವನ್ನು ಕಳೆದುಕೊಂಡವರಂತೆ ಬರೆದರು. ಅವರ ಬಂಧು ಟಿ.ಎನ್. ಶಾನಭಾಗರು 1948ರಲ್ಲಿ ಮುಂಬಯಿಯ ಒಂದು ಚಿತ್ರಮಂದಿರದ ಒಳಗೆ ತೆರೆದ ಸ್ಟ್ರಾಂಡ್ ಬುಕ್ ಸ್ಟಾಲಿನದು ಇನ್ನೂ ದೊಡ್ಡ ಕಥೆ. ಪುಸ್ತಕ ಮಾರುವ ಕಾಯಕಕ್ಕೆ 2003ರಲ್ಲಿ ಪದ್ಮಶ್ರೀ ಗೌರವ ತಂದುಕೊಟ್ಟ ಅಂಗಡಿ ಅದು. 2018ರಲ್ಲಿ ಅದೂ ಮುಚ್ಚಿತು.

ಪುಸ್ತಕವನ್ನು ಓದುಗನ ಬಳಿಗೆ ಒಯ್ಯುವವನಿಲ್ಲದೆ ಗ್ರಂಥ ಉಳಿಯದು ಎಂಬುದನ್ನು ನಮ್ಮ ಸಮಾಜಕ್ಕೆ ಬೇರೆಯವರು ಹೇಳಬೇಕಾಗಿಲ್ಲ. ವಚನಗಳ ತಾಡೋಲೆಗಳು ಮನೆಮನೆಗಳಲ್ಲಿ ಇದ್ದವು. ಕಟ್ಟಿಗೆ ಅರಿವೆ ಸುತ್ತಿ, ಜಗಲಿಯ ಮೇಲಿಟ್ಟು, ವಿಭೂತಿ ಧರಿಸಿ, ಪತ್ರಿ ಏರಿಸುತ್ತಿದ್ದರು. ಬಿಚ್ಚಿ ಓದುವವರು ಇರಲಿಲ್ಲ. ವಿಜಾಪುರದ ವಕೀಲರಾಗಿದ್ದ ಫ.ಗು. ಹಳಕಟ್ಟಿಯವರು ಊರೂರು ತಿರುಗಿ ಆ ಕಟ್ಟುಗಳನ್ನು ಸಂಗ್ರಹಿಸಿದರು. 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗ ಹೊರಬಂದಿತು. 1925ರಲ್ಲಿ ಸ್ವಂತ ಮನೆಯನ್ನು ಮಾರಿ ಹಿತಚಿಂತಕ ಮುದ್ರಣಾಲಯವನ್ನು ತೆರೆದರು. ಮರುವರ್ಷ 'ಶಿವಾನುಭವ' ಪತ್ರಿಕೆಯನ್ನು ಆರಂಭಿಸಿದರು. ಆ ಮಹನೀಯರು ಅಚ್ಚು ಹಾಕಿಸಿ ಸುಮ್ಮನೆ ಕೂಡಲಿಲ್ಲ, ಓದುವವರನ್ನೂ ಹುಡುಕಿದರು. ಕಾದಂಬರಿಕಾರ ಗಳಗನಾಥರಂತೂ ತಮ್ಮ ಪುಸ್ತಕಗಳ ಗಂಟನ್ನು ತಾವೇ ಹೊತ್ತು ಊರೂರು ನಡೆದು ಮಾರಿದವರು. ಈ ಹೊತ್ತಿನ ಪುಸ್ತಕದಂಗಡಿಯ ಯಜಮಾನರು ಆ ಪರಂಪರೆಗೆ ಸೇರಿದವರೆಂದು ನಾವು ತಿಳಿದಿದ್ದೇವೆ. ಅವರಲ್ಲಿ ಎಲ್ಲರೂ ಹಾಗಿಲ್ಲ ಎಂಬುದೂ ನಿಜ. ಕೇಳಿದರೆ ತಲೆಯೆತ್ತದೆ "ಇಲ್ಲ" ಎನ್ನುವವರನ್ನೂ, ಪುಸ್ತಕ ಮುಟ್ಟಿದರೆ ಸಿಡುಕುವವರನ್ನೂ ಕಂಡಿದ್ದೇವೆ.

ಇಲ್ಲಿ ನಮ್ಮ ಸಮಾಜಕ್ಕೆ ವಿಶೇಷವಾಗಿ ಸಂಬಂಧಿಸಿದ ಒಂದು ಮಾತಿದೆ. ಕರ್ನಾಟಕ ಸರ್ಕಾರ 1993ರಲ್ಲಿ ಡಾ. ಎಂ.ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಪ್ರಕಟಿಸಿದ ಸಮಗ್ರ ವಚನ ಸಂಪುಟಗಳ 15 ಭಾಗಗಳ ಹೆಸರು ಎಲ್ಲರಿಗೂ ಗೊತ್ತು, ಮರುಮುದ್ರಣಗಳೂ ಆದವು. ಅಂಥ ಗ್ರಂಥಗಳಿಗೆ ಹೇಗೋ ಒಂದು ದಾರಿ ಸಿಗುತ್ತದೆ. ಆದರೆ ಮಠಗಳ ಪ್ರಕಟಣೆಗಳು? ಗದುಗಿನ ತೋಂಟದಾರ್ಯ ಮಠದ ಡಾ. ಸಿದ್ಧಲಿಂಗ ಸ್ವಾಮೀಜಿಯವರು 2018ರಲ್ಲಿ ಲಿಂಗೈಕ್ಯರಾಗುವವರೆಗೆ ಅಧ್ಯಯನ ಸಂಸ್ಥೆಯ ಮೂಲಕ ನೂರಾರು ಗ್ರಂಥಗಳನ್ನು ಬೆಳಕಿಗೆ ತಂದರು. ಜನ ಅವರನ್ನು 'ಪುಸ್ತಕದ ಸ್ವಾಮೀಜಿ' ಎಂದೇ ಕರೆದರು. ಅದೇ ರೀತಿ ಅನೇಕ ಮಠಗಳು, ಸಣ್ಣ ಊರುಗಳ ಶರಣ ಸಂಘಗಳು, ನಿವೃತ್ತ ಶಿಕ್ಷಕರು 500 ಅಥವಾ 1,000 ಪ್ರತಿಗಳ ಲೆಕ್ಕದಲ್ಲಿ ಪುಸ್ತಕಗಳನ್ನು ತರುತ್ತಾರೆ. ಒಂದು ಊರಿನ ಶರಣರ ಚರಿತ್ರೆ, ಒಂದು ಮಠದ ಇತಿಹಾಸ, ಅಜ್ಞಾತ ವಚನಕಾರ್ತಿಯೊಬ್ಬರ ಕುರಿತ ವ್ಯಾಸಂಗ, ತತ್ತ್ವಪದಗಳ ಸಂಗ್ರಹ, ಜಾತ್ರೆಯ ಸ್ಮರಣಸಂಚಿಕೆ. ಇವುಗಳಲ್ಲಿ ಬಹುಪಾಲಿಗೆ ಜಾಲವ್ಯಾಪಾರ ಕೇಳುವ ಪುಸ್ತಕಸಂಖ್ಯೆಯೂ ಇರುವುದಿಲ್ಲ, ಅಲ್ಲಿ ಏರಿಸುವ ಜನವೂ ಇರುವುದಿಲ್ಲ. ಎಂಬತ್ತು ರೂಪಾಯಿಯ ಪುಸ್ತಕಕ್ಕೆ ಕಳಿಸುವ ವೆಚ್ಚವೇ ಅರವತ್ತಾದರೆ ಏರಿಸಿಯಾದರೂ ಏನು ಪ್ರಯೋಜನ? ಇಂಥವು ಸಿಗುವುದು ಜಾತ್ರೆಯ ಮಳಿಗೆಯಲ್ಲಿ, ಸಾಹಿತ್ಯ ಸಮ್ಮೇಳನದ ಮಳಿಗೆಯಲ್ಲಿ. ವರ್ಷದ ಉಳಿದ ದಿನಗಳಲ್ಲಿ ಇಂಥದೊಂದು ಹಳೆಯ ಅಂಗಡಿಯ ಮೂಲೆಯ ಕಪಾಟಿನಲ್ಲಿ. 2023ರ ಜನವರಿಯಲ್ಲಿ ಹಾವೇರಿಯ ಸಮ್ಮೇಳನಕ್ಕೆ ಹೋದಾಗ ನಾವು ಭಾಷಣ ಕೇಳಿದ್ದಕ್ಕಿಂತ ಮಳಿಗೆಗಳ ಸಾಲಿನಲ್ಲಿ ಸುತ್ತಿದ್ದೇ ಹೆಚ್ಚು. ಅಲ್ಲಿ ಕಂಡ ಜನಸಂದಣಿಯನ್ನು ನೋಡಿದರೆ ಓದುವವರಿಲ್ಲ ಎಂಬ ಗೊಣಗಾಟವನ್ನು ನಂಬುವುದು ಕಷ್ಟ.

ಅಂಗಡಿ ಮುಚ್ಚಿದರೆ ಆ ಕಪಾಟು ಹೋಗುತ್ತದೆ. ನಮ್ಮ ತಾಲೂಕಿನ ಊರಿನಲ್ಲಿ ಹಾಗೆಯೇ ಆಯಿತು. ಒಂದು ಕಾಲಕ್ಕೆ ಬಸವಪುರಾಣ, ಶಬ್ದಮಣಿದರ್ಪಣ, ಕಾದಂಬರಿ ಎಲ್ಲ ಸಿಗುತ್ತಿದ್ದ ಅಂಗಡಿಯಲ್ಲಿ ಮೊದಲು ಶಾಲಾ ಗೈಡುಗಳು ಬಂದವು, ಆಮೇಲೆ ಝೆರಾಕ್ಸ್ ಯಂತ್ರ, ಆಮೇಲೆ ಮೊಬೈಲಿನ ಕವಚಗಳು. ಈಗ ಅಲ್ಲಿ ಪುಸ್ತಕವೆಂದರೆ ನೂರು ಪುಟದ ನೋಟುಬುಕ್ಕು. ಯಜಮಾನರನ್ನು ದೂರುವಂತಿಲ್ಲ, ಅವರಿಗೂ ಸಂಸಾರವಿದೆ.

ಈಗ ಆ ಕಾರಣಕ್ಕೆ ಬರೋಣ. ಅದನ್ನು ಹೇಳದೆ ಈ ಲೇಖನವನ್ನು ಮುಗಿಸಿದರೆ ನಾವು ಕಪಟಿಗಳಾಗುತ್ತೇವೆ.

ನಾಲ್ಕೈದು ವರ್ಷಗಳ ಹಿಂದೆ ಅದೇ ಧಾರವಾಡದ ಅಂಗಡಿಯಲ್ಲಿ ನಾವೊಂದು ದೊಡ್ಡ ಗ್ರಂಥವನ್ನು ನೋಡಿದೆವು. ಕೆಲಸದ ಹುಡುಗ ಏಣಿ ಹಾಕಿ ಮೇಲಿನ ಸಾಲಿನಿಂದ ಇಳಿಸಿಕೊಟ್ಟ. ಫ್ಯಾನಿನ ಕೆಳಗೆ ಕುರ್ಚಿಯಲ್ಲಿ ಕುಳಿತು ಮುನ್ನುಡಿ ಓದಿದೆವು, ಪರಿವಿಡಿ ನೋಡಿದೆವು, ನಡುನಡುವೆ ನಾಲ್ಕಾರು ಪುಟ ತಿರುವಿದೆವು. ಮುಕ್ಕಾಲು ಗಂಟೆ ಕಳೆದಿರಬೇಕು. ಚಹಾ ತರಿಸಿದರು, ಕುಡಿದೆವು. ಬೆಲೆ 600 ರೂಪಾಯಿ. ಜೊತೆಗೆ ಬಂದಿದ್ದ ಮಗ ಮೊಬೈಲಿನಲ್ಲಿ ಹುಡುಕಿ, ಅಲ್ಲಿ 480ಕ್ಕೆ ಇದೆ ಎಂದು ಕಿವಿಯಲ್ಲಿ ಹೇಳಿದ. ಗುರುತಿಗಾಗಿ ಮುಖಪುಟದ ಫೋಟೋ ತೆಗೆದುಕೊಂಡೆವು. "ಮತ್ತೊಮ್ಮೆ ಬಂದು ಒಯ್ತೇವ್ರಿ" ಎಂದು ಎದ್ದೆವು. ಯಜಮಾನರು ಪುಸ್ತಕವನ್ನು ಮುಚ್ಚುತ್ತ, ಕೊಂಕಿಲ್ಲದ ದನಿಯಲ್ಲಿ, "ಆಗಲ್ರಿ. ಫೋಟೋ ಸರಿ ಬಂತ್ರೇನು? ಇಲ್ಲಿ ಬೆಳಕು ಕಡಿಮಿ" ಎಂದರು.

ಅವರಿಗೆ ತಿಳಿದಿತ್ತು. ಅವರಿಗೆ ತಿಳಿದಿದೆ ಎಂಬುದು ನಮಗೂ ತಿಳಿಯಿತು. ಪುಸ್ತಕ ಮೂರನೆಯ ದಿನ ಮನೆಗೆ ಬಂದಿತು. ಉಳಿದದ್ದು 120 ರೂಪಾಯಿ. ಅಂದು ಮಧ್ಯಾಹ್ನ ಖಾನಾವಳಿಯಲ್ಲಿ ತಂದೆ ಮಗ ಊಟ ಮಾಡಿದ ಬಿಲ್ಲು ಅದಕ್ಕಿಂತ ಹೆಚ್ಚಾಗಿತ್ತು. ಅಲ್ಲಿ ನಾವು ಚೌಕಾಶಿ ಮಾಡಿರಲಿಲ್ಲ. ಮಾರಯ್ಯನವರು ಹೆಚ್ಚಿಗೆ ಆಯ್ದು ತಂದ ಅಕ್ಕಿಯನ್ನು ಕಂಡು, ಮರಳಿ ಅಲ್ಲೇ ಸುರಿದು ಬನ್ನಿರೆಂದ ಆಯ್ದಕ್ಕಿ ಲಕ್ಕಮ್ಮನವರ ಪ್ರಸಂಗವನ್ನು ಎಷ್ಟೋ ವೇದಿಕೆಗಳಲ್ಲಿ ನಾವೇ ಹೇಳಿದ್ದೇವೆ. ನಮ್ಮ ಮನೆಯಲ್ಲಿ ಅಂದು ಹಾಗೆ ಹೇಳುವವರು ಯಾರೂ ಇರಲಿಲ್ಲ.

ಅಂಗಡಿಕಾರನ ಲೆಕ್ಕವನ್ನೂ ಸ್ವಲ್ಪ ನೋಡಬೇಕು. ಪ್ರಕಾಶಕರು ಕೊಡುವ ಸೋಡಿಯಲ್ಲಿ ಬಾಡಿಗೆ, ಬೆಳಕು, ಹುಡುಗನ ಸಂಬಳ, ವರ್ಷಗಟ್ಟಲೆ ಮಾರಾಟವಾಗದೆ ಕೂತ ಪುಸ್ತಕಗಳ ಬಡ್ಡಿ ಎಲ್ಲವೂ ಹೊರಡಬೇಕು. ಗೆದ್ದಲು, ಮಳೆಗಾಲದ ಸೋರಿಕೆ ಬೇರೆ. ದೊಡ್ಡ ಜಾಲಮಳಿಗೆಗೆ ಪುಸ್ತಕದಲ್ಲಿ ಲಾಭ ಬರದಿದ್ದರೂ ಬೇರೆ ಸಾಮಾನಿನಲ್ಲಿ ಬಂದೀತು. ಇವರಿಗೆ ಇರುವುದು ಪುಸ್ತಕ ಒಂದೇ. ನಾವು ಕುಳಿತು ಓದಿದ ಮುಕ್ಕಾಲು ಗಂಟೆ, ಇಳಿಸಿದ ಏಣಿ, ಕುಡಿದ ಚಹಾ, ಎಲ್ಲವೂ ಆ 120 ರೂಪಾಯಿಯ ಒಳಗೇ ಇದ್ದವು. ಬಿಲ್ಲಿನಲ್ಲಿ ಕಾಣುವುದಿಲ್ಲ, ಅಷ್ಟೇ.

ಆ ನಾಚಿಕೆಯಿಂದಲೇ ನಾವು ಅತ್ತ ಸುಳಿಯದೆ ಇದ್ದದ್ದು. ಸಂಗ್ರಹದ ಕಿರುಹೊತ್ತಿಗೆ ಬರದೆ ಸರಿಯಾದ ಪ್ರತಿಯೇ ಬಂದಿದ್ದರೆ ಕಳೆದ ಶ್ರಾವಣದಲ್ಲಿಯೂ ಹೋಗುತ್ತಿರಲಿಲ್ಲವೇನೋ. ಯಜಮಾನರು ಹಳೆಯದನ್ನು ನೆನೆಸಲಿಲ್ಲ. ನಾವೇ, "ಆ ದೊಡ್ಡ ಗ್ರಂಥ…" ಎಂದು ಆರಂಭಿಸಿದೆವು. ಅವರು ಕೈ ಆಡಿಸಿ, "ಓದಿದಿರಲ್ರಿ? ಸಾಕು ಬಿಡ್ರಿ" ಎಂದರು. ಪ್ರಾಮಾಣಿಕವಾಗಿ ಹೇಳುವುದಾದರೆ ಅದನ್ನು ಪೂರ್ತಿ ಓದಿರಲಿಲ್ಲ.

ಶ್ರಾವಣದ ಮೊದಲ ಸೋಮವಾರ ಓದು ಆರಂಭವಾಯಿತು. ದಿನಕ್ಕೊಬ್ಬರ ಪಾಳಿ. ನಾಲ್ಕನೆಯ ದಿನ ಬೆಡಗಿನ ವಚನವೊಂದು ಬಂದು ಎಲ್ಲರೂ ಮುಖ ಮುಖ ನೋಡಿಕೊಂಡಾಗ ಆ ಚಿಕ್ಕ ಕೋಶ ಕೆಲಸಕ್ಕೆ ಬಂದಿತು. ಯಜಮಾನರ ಲೆಕ್ಕ ಒಂದು ದಿನವೂ ತಪ್ಪಲಿಲ್ಲ. ಸಿದ್ಧರಾಮಯ್ಯನವರ ಪ್ರಸಂಗಕ್ಕೆ ಬಂದಾಗ ಎಂಟನೆಯ ತರಗತಿಯ ನಮ್ಮ ಮೊಮ್ಮಗಳು ಒಂದು ಪ್ರಶ್ನೆ ಕೇಳಿದಳು. ಅಂಗಡಿಯಲ್ಲಿ ಕೇಳಿದ್ದನ್ನು ನಾವು ಮನೆಯಲ್ಲಿ ಹೇಳಿದ್ದೆವು. ಅವಳು ಅದನ್ನು ಮರೆತಿರಲಿಲ್ಲ. "ಮೊದಲನೇ ಪುಸ್ತಕದಾಗ ದೀಕ್ಷೆ ಇಲ್ಲಂದ್ರ, ಎರಡನೇ ಅವರು ಯಾಕ ಸೇರಿಸಿದ್ರು ಅಜ್ಜಾ? ಅವರು ಏನಂತ ಬರದಾರ?" ನಮಗೆ ಉತ್ತರ ಗೊತ್ತಿರಲಿಲ್ಲ. ಮೊಬೈಲಿನಲ್ಲಿ ಅವಳೇ ಹುಡುಕಿದಳು. ಎರಡು ಸಾಲಿನ ವಿವರ ಸಿಕ್ಕಿತು, ಗ್ರಂಥ ಸಿಗಲಿಲ್ಲ.

ಮುಂದಿನ ರವಿವಾರ ಅಂಗಡಿ ರಜೆ ಎಂಬುದನ್ನು ಮರೆತು ಹೋಗಿ ಮರಳಿದೆವು. ಸೋಮವಾರ ಶಾಲೆ ಬಿಡಿಸಲಾಗದೆ ನಾವೊಬ್ಬರೇ ಹೋದೆವು. ಹಲಗೆಯದೇವರ ಸಂಪಾದನೆ ಅವರಲ್ಲಿ ಇರಲಿಲ್ಲ. ಉದ್ದನೆಯ ವಹಿಯನ್ನು ತೆಗೆದು, ಗಿರಾಕಿಗಳು ಕೇಳಿ ಸಿಗದೆ ಹೋದ ಪುಸ್ತಕಗಳ ಪಟ್ಟಿಯ ಕೊನೆಗೆ ಅದನ್ನು ಬರೆದುಕೊಂಡರು. ಕೇಳಿದವರ ಹೆಸರಿನ ಜಾಗದಲ್ಲಿ ನಮ್ಮ ಹೆಸರನ್ನು ಬರೆಯಹೊರಟಾಗ ನಾವು ತಡೆದು, ಮೊಮ್ಮಗಳ ಹೆಸರನ್ನು ಬರೆಯಿರೆಂದೆವು. ಅವರು ಹಾಗೆಯೇ ಬರೆದರು. ಮುಂದೆ ಕಂಸದಲ್ಲಿ '8ನೇ ಇಯತ್ತೆ' ಎಂದೂ ಸೇರಿಸಿದರು.

ದೀಪಾವಳಿ ಕಳೆದು ಒಂದು ಮುಂಜಾನೆ ಫೋನು ಬಂದಿತು. "ಸರ, ಹಲಗೆಯದೇವರದು ಒಂದು ಪ್ರತಿ ಬಂದದ್ರಿ, ಹಳೇದು. ನಿವೃತ್ತ ಮಾಸ್ತರೊಬ್ಬರ ಸಂಗ್ರಹದಾಗಿಂದು. ಒಂದೆರಡು ಹಾಳಿ ಹುಳ ತಿಂದದ, ಅಕ್ಷರಕ್ಕೇನೂ ಆಗಿಲ್ಲ. ಇಡಲ್ಯಾ?"

ಇಡಿರೆಂದೆವು. ಬೆಲೆ ಕೇಳಲಿಲ್ಲ. ಶನಿವಾರ ಶಾಲೆ ಮಧ್ಯಾಹ್ನಕ್ಕೇ ಬಿಡುತ್ತದೆ. ಎರಡು ಗಂಟೆಯ ಬಸ್ಸಿಗೆ ಇಬ್ಬರೂ ಬರುತ್ತೇವೆ ಎಂದು ಹೇಳಿದೆವು.